ತುಳಸಿಕಟ್ಟೆ ಮಾಯುವ ತನಕ

ಕೆಲಸದ ಕೊನೆಯ ವರ್ಷಗಳಲ್ಲಿ, ದಾವಣಗೆರೆಯ ಕಾಲೇಜುಗಳಲ್ಲಿ ರಕ್ತದಾನ ಶಿಬಿರ ನಡೆದಾಗಲೆಲ್ಲ ದಾನಿಗಳನ್ನು ಮಾತಾಡಿಸಿ ಅರ್ಜಿ ತುಂಬಿಸುವ ಕೆಲಸ ನನ್ನ ಪಾಲಿಗೆ ಬರುತ್ತಿತ್ತು. ಜ್ವರ ಬಂದಿತ್ತಾ, ಮಾತ್ರೆ ಏನಾದರೂ ನುಂಗಿದ್ದೀಯಾ, ರಾತ್ರಿ ನಿದ್ದೆ ಆಯಿತಾ ಎಂದು ಕೇಳುತ್ತ ಕೇಳುತ್ತ ಆ ಪ್ರಶ್ನೆಗೆ ಬರುತ್ತಿದ್ದೆ. "ಈ ಒಂದು ವರ್ಷದಾಗೆ ಹಚ್ಚೆ ಹಾಕಿಸ್ಕಂಡಿದ್ದೀಯೇನಪ್ಪಾ?" ಕೆಲವು ಹುಡುಗರು ಅಂಗಿಯ ತೋಳನ್ನು ಮೆಲ್ಲಗೆ ಕೆಳಗೆಳೆದುಕೊಳ್ಳುತ್ತಿದ್ದರು. ಹಾಕಿಸಿಕೊಂಡಿದ್ದರೆ 12 ತಿಂಗಳು ರಕ್ತ ಕೊಡುವಂತಿಲ್ಲ ಎಂಬುದು 2017ರ ರಾಷ್ಟ್ರೀಯ ಮಾರ್ಗಸೂಚಿಯ ಮಾತು. ಸೂಜಿಯಿಂದ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಅಥವಾ ಎಚ್‌ಐವಿ ಒಳಹೊಕ್ಕಿದ್ದರೆ ಮೊದಲ ಕೆಲವು ವಾರ ಪರೀಕ್ಷೆಯಲ್ಲೂ ಕಾಣದೆ ಉಳಿಯಬಹುದು, ಅದಕ್ಕೆ ಈ ಕಾಯುವಿಕೆ. ಹುಡುಗರಿಗೆ ಇಷ್ಟನ್ನೆಲ್ಲ ಬಿಡಿಸಿ ಹೇಳುವ ಹೊತ್ತಿನಲ್ಲಿ ನನ್ನ ಬಿಳಿ ಕೋಟಿನ ತೋಳಿನೊಳಗೆ, ಎಡ ಮುಂಗೈಯ ಒಳಬದಿಯಲ್ಲಿ, 1971ರ ಒಂದು ತುಳಸಿಕಟ್ಟೆ ಇರುತ್ತಿತ್ತು.

ಅದನ್ನು ಹಾಕಿಸಿಕೊಂಡದ್ದು ಹರಿಹರದಲ್ಲಿ. ನನಗೆ ಆಗ ಒಂಬತ್ತು. ಹರಿಹರೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಅಪ್ಪ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದರು. ಹೊಳೆಯ ಈ ದಂಡೆಯಲ್ಲಿದ್ದ ನಾವು ಹಚ್ಚೆ ಅಂದರೆ, ಸೇತುವೆ ದಾಟಿ ರಾಣೆಬೆನ್ನೂರಿನ ಕಡೆ ಹೋದರೆ ಅವ್ವನ ತವರಿನವರು ಹಣಚಿಬೊಟ್ಟು ಅನ್ನುತ್ತಿದ್ದರು. ಹಿಂದೆ ಈಚೆ ದಂಡೆ ಮೈಸೂರು ಸಂಸ್ಥಾನದ್ದು, ಆಚೆ ದಂಡೆ ಮುಂಬಯಿ ಪ್ರಾಂತ್ಯದ್ದು. ರಾಜ್ಯ ಒಂದಾಗಿ ಹದಿನೈದು ವರ್ಷವಾಗಿದ್ದರೂ ಮಾತು ಅವರವರದೇ ಉಳಿದಿತ್ತು. ಆದರೆ ಎರಡೂ ದಂಡೆಯ ಮನೆಗಳ ಬಾಗಿಲಿಗೆ ಬರುತ್ತಿದ್ದ ಕೊರವಂಜಿಯರು ಒಬ್ಬರೇ.

ನನಗೆ ಚುಚ್ಚಿದಾಕೆ ಬಂದದ್ದು ಸುಗ್ಗಿ ಮುಗಿದ ಮೇಲೆ, ಕಂಕುಳಲ್ಲಿ ಬಿದಿರಿನ ಬುಟ್ಟಿ, ಹಣೆಯ ತುಂಬ ಕುಂಕುಮ. ಕಣಿ ಹೇಳುವುದು, ಬುಟ್ಟಿ ಮಾರುವುದು, ಹಚ್ಚೆ ಚುಚ್ಚುವುದು ಮೂರೂ ಅವಳ ಕೆಲಸ. ಅವ್ವನ ಕೈಮೇಲಿದ್ದದ್ದನ್ನು ಚುಚ್ಚಿದವಳು ಇವಳ ಅತ್ತೆಯಂತೆ. ಅವ್ವನ ಮುಂಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ತಿರುಗಿಸಿ ನೋಡಿ, "ಇದು ನಮ್ಮ ಮನೀ ಕೈ" ಅಂದಳು. ಕಟ್ಟೆಯ ಕೆಳಗೆ ಮೂರು ಮೆಟ್ಟಿಲು, ಮೇಲೆ ತುಳಸಿಯ ಎರಡು ಕವಲು, ತುದಿಗೆ ಐದು ಬೊಟ್ಟು.

ಬುಟ್ಟಿಯ ತಳದಿಂದ ಅವಳು ತೆಗೆದ ಸೂಜಿಗಳು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿವೆ. ಮೂರು ಸೂಜಿಗಳನ್ನು ನೂಲಿನಿಂದ ಸುತ್ತಿ ಬಿಗಿದ ಒಂದು ಕಟ್ಟು. ನೂಲು ಕಪ್ಪಾಗಿತ್ತು. ಅಪ್ಪ ಅಂದು ಎರಡನೇ ಪಾಳಿ, ಮನೆಯಲ್ಲಿದ್ದರು. ಲೇತಿನ ಮುಂದೆ ನಿಲ್ಲುವ ಮನುಷ್ಯನಿಗೆ ಕಬ್ಬಿಣದ ಮೇಲಿನ ಕಲೆ ಬೇಗ ಕಾಣುತ್ತದೆ. ಸೂಜಿ ಇಸಿದುಕೊಂಡು ಬೆಳಕಿಗೆ ಹಿಡಿದು ನೋಡಿದರು. ಆ ವರ್ಷವೇ ಅವರ ಸ್ನೇಹಿತರೊಬ್ಬರು ತಮ್ಮ ಹೊಲದಲ್ಲಿ ಮೊಳೆ ತುಳಿದು ಧನುರ್ವಾಯುವಿನಿಂದ ತೀರಿಕೊಂಡಿದ್ದರು. ಅಪ್ಪ ಒಂದು ಮಾತೂ ಆಡದೆ ಅಂಗಡಿಗೆ ಹೋಗಿ ಹೊಸ ಸೂಜಿಗಳ ಒಂದು ಚೀಟಿ ತಂದರು. ಅವ್ವ ಅವನ್ನೂ ಹೊಸ ನೂಲನ್ನೂ ಕುದಿಯುವ ನೀರಿಗೆ ಹಾಕಿದಳು. ಕೊರವಂಜಿಗೆ ಬೇಸರವಾಗಲಿಲ್ಲ. "ಹೊಸಾ ಸೂಜಿ ಹಗುರ ಇಳೀತೈತಿ, ಕೂಸಿಗೆ ನೋವು ಕಡಿಮಿ" ಅಂದಳು.

ಮುಂದೆ ನರ್ಸಿಂಗ್ ಓದುವಾಗ ಆ ದಿನದ ಲೆಕ್ಕ ಹಾಕಿದ್ದೇನೆ. ಕುದಿಯುವ ನೀರು ಹೆಪಟೈಟಿಸ್ ಬಿ ವೈರಾಣುವನ್ನು ಕೊಲ್ಲುತ್ತದೆ. ಆದರೆ ಅಪ್ಪ ಹೆದರಿದ್ದ ಧನುರ್ವಾಯುವಿನ ಬೀಜಾಣು ಕುದಿಸಿದರೂ ಬದುಕಿರಬಲ್ಲದು. ಅದನ್ನು ಕೊಲ್ಲಲು ಒತ್ತಡದ ಹಬೆ ಬೇಕು, ಆಟೋಕ್ಲೇವಿನಲ್ಲಿ 121 ಡಿಗ್ರಿ ಸೆಲ್ಸಿಯಸ್, ಹದಿನೈದು ಇಪ್ಪತ್ತು ನಿಮಿಷ. ನನ್ನನ್ನು ಕಾಪಾಡಿದ್ದು ಕುದಿಸಿದ್ದಕ್ಕಿಂತ ಹೆಚ್ಚಾಗಿ ಅಂಗಡಿಯ ಚೀಟಿ. ಆ ಸೂಜಿ ನನಗಿಂತ ಮುಂಚೆ ಯಾರ ರಕ್ತವನ್ನೂ ಮುಟ್ಟಿರಲಿಲ್ಲ. ಹೆಪಟೈಟಿಸ್ ಬಿ ವೈರಾಣು ಒಣಗಿದ ರಕ್ತದ ಕಲೆಯಲ್ಲಿ ಏಳು ದಿನವಾದರೂ ಜೀವ ಹಿಡಿದಿರುತ್ತದೆ. ಹಿಂದಿನ ದಿನ ಪಕ್ಕದ ಊರಿನಲ್ಲಿ ಚುಚ್ಚಿದ ಸೂಜಿ ಇಂದು ನಮ್ಮ ಓಣಿಗೆ ಬರುತ್ತಿದ್ದ ಕಾಲ ಅದು. ಆಸ್ಪತ್ರೆಗಳಲ್ಲೂ ಗಾಜಿನ ಸಿರಿಂಜನ್ನು ಕುದಿಸಿ ಕುದಿಸಿ ಬಳಸುತ್ತಿದ್ದರು. ನಾನೂ ಬಳಸಿದ್ದೇನೆ. ಆದ್ದರಿಂದ ಕೊರವಂಜಿಯೊಬ್ಬಳನ್ನೇ ದೂರುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ.

ಮಸಿ ಮಾಡುವುದೇ ಒಂದು ಕೆಲಸ. ಹರಳೆಣ್ಣೆಯ ದೀಪದ ಮೇಲೆ ಕಂಚಿನ ಬಟ್ಟಲು ಬೋರಲಿಟ್ಟು ಕಾಡಿಗೆ ಹಿಡಿದಿದ್ದರು. ಅದನ್ನು ಎದೆಹಾಲಿನಲ್ಲಿ ಕಲಸಬೇಕು. ಪಕ್ಕದ ಮನೆಯ ಚಿಕ್ಕಮ್ಮ ಬಾಣಂತಿ, ಒಂದು ಒಳಲೆಯಷ್ಟು ಹಾಲು ಕೊಟ್ಟರು. ಇಂದು ಯಾರಾದರೂ ಕೇಳಿದರೆ ಬೇಡವೇ ಬೇಡ ಎನ್ನುತ್ತೇನೆ. ಎದೆಹಾಲು ಮಗುವಿನ ಬಾಯಿಗೆ ಅಮೃತ, ಆದರೆ ಅದು ಕ್ರಿಮಿಯೇ ಇಲ್ಲದ ದ್ರವವಲ್ಲ, ಎಚ್‌ಐವಿ ಅದರಲ್ಲೂ ಇರಬಲ್ಲದು. ಕಾಡಿಗೆಯ ವಿಷಯ ಬೇರೆ. ಅದು ಇಂಗಾಲ. ಇವತ್ತಿನ ಕಪ್ಪು ಶಾಯಿಗಳ ಬಹುಪಾಲು ಬಣ್ಣವೂ ಅದೇ.

ಚುಚ್ಚುವ ಮೊದಲು ನನ್ನ ಬಾಯಿಗೆ ಒಂದು ಅಚ್ಚು ಬೆಲ್ಲ ಹಾಕಿದಳು. ಹಸಿದ ಹೊಟ್ಟೆಯಲ್ಲಿ ಸೂಜಿಗೆ ಕೂತ ಹುಡುಗಿಯರು ತಲೆ ಸುತ್ತಿ ಬೀಳುವುದನ್ನು ಆಕೆ ಎಷ್ಟು ಸಲ ನೋಡಿದ್ದಳೋ. ಆಮೇಲೆ ನನ್ನ ಮೊಣಕೈಯನ್ನು ತೊಡೆಯ ಸಂದಿಯಲ್ಲಿ ಒತ್ತಿಕೊಂಡು, ಎಡಗೈಯಿಂದ ಚರ್ಮ ಬಿಗಿಯಾಗಿ ಎಳೆದು ಹಿಡಿದು, ಹಾಡು ಶುರುಮಾಡಿದಳು. ಚುಚ್ಚು ಹಾಡಿನ ತಾಳಕ್ಕೆ ಬೀಳುತ್ತಿತ್ತು. ಅಳು ಬಂದಾಗ ಹಾಡು ಜೋರಾಗುತ್ತಿತ್ತು. ಎಡ್ಗರ್ ಥರ್ಸ್ಟನ್ ಎಂಬ ಬ್ರಿಟಿಷ್ ಅಧಿಕಾರಿ 1909ರಲ್ಲಿ ಏಳು ಸಂಪುಟಗಳಲ್ಲಿ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಬಗ್ಗೆ ಬರೆದ ಪುಸ್ತಕದಲ್ಲಿ ಕೊರವ ಹೆಂಗಸರ ಹಚ್ಚೆಯ ಕೆಲಸವೂ ಬರುತ್ತದೆ. ಅದೇ ಕಾಲದ ಸರ್ಕಾರ ಅದೇ ಜನರನ್ನು ಅಪರಾಧಿ ಬುಡಕಟ್ಟು ಎಂದು ಪಟ್ಟಿ ಮಾಡಿತ್ತು. ಆ ಕಾಯ್ದೆ ರದ್ದಾದದ್ದು 1952ರಲ್ಲಿ. ನನ್ನ ಮೊಣಕೈ ಹಿಡಿದು ಕೂತ ಹೆಂಗಸು ಹುಟ್ಟುವಾಗಲೇ ಅಪರಾಧಿ ಎನ್ನಿಸಿಕೊಂಡು ಹುಟ್ಟಿದ್ದಳು ಎಂದು ನಿವೃತ್ತಿಯ ನಂತರ ಓದಿ ತಿಳಿದಾಗ ನನ್ನ ತುಳಸಿಕಟ್ಟೆಯ ಮೇಲೆ ಬಹಳ ಹೊತ್ತು ಕೈಯಿಟ್ಟುಕೊಂಡು ಕೂತಿದ್ದೆ.

ಆಕೆಯ ಕೈಯ ಅಳತೆ ದೊಡ್ಡದು. ಮೇಲಿನ ಚರ್ಮ ನಾಲ್ಕಾರು ವಾರಕ್ಕೊಮ್ಮೆ ಹೊಸದಾಗುತ್ತ ಉದುರಿಹೋಗುತ್ತದೆ, ಅಲ್ಲಿಗೆ ನಿಂತ ಮಸಿ ಅದರ ಜೊತೆಗೇ ಹೋಗುತ್ತದೆ. ಒಳಚರ್ಮಕ್ಕೆ ಮುಟ್ಟಿದರೆ ಮಾತ್ರ ಉಳಿಯುತ್ತದೆ. ಅದನ್ನೂ ದಾಟಿ ಕೊಬ್ಬಿನ ಪದರಕ್ಕೆ ಇಳಿದರೆ ಮಸಿ ನೀರಿಗೆ ಬಿದ್ದ ಇಂಕಿನ ಹಾಗೆ ಹರಡಿ ನೀಲಿ ಕಲೆಯಾಗುತ್ತದೆ. ನಡುವೆ ಇರುವ ಅಂತರ ಒಂದೆರಡು ಮಿಲಿಮೀಟರ್. ಯಂತ್ರವಿಲ್ಲದೆ, ಅಳತೆಯ ಪಟ್ಟಿಯಿಲ್ಲದೆ, ಚರ್ಮ ಸೂಜಿಯನ್ನು ಬಿಡುವಾಗಿನ ಸಣ್ಣ ಎಳೆತದಿಂದಲೇ ಅವಳಿಗೆ ಅದು ತಿಳಿಯುತ್ತಿತ್ತು.

ಮುಗಿದ ಮೇಲೆ ಅರಿಶಿನದ ಬಿಸಿನೀರಿನಲ್ಲಿ ಒರೆಸಿ, ಹರಳೆಣ್ಣೆ ಸವರಿ, ಮಾತಾಡಿದ್ದೆಲ್ಲ ಅವ್ವನ ಜೊತೆ. ನನಗೆ ಒಂದೇ ಮಾತು, "ಕೆರೀಬ್ಯಾಡ." ಜೋಳ, ಎಲೆಅಡಿಕೆ, ಅವ್ವನ ಒಂದು ಹಳೇ ಸೀರೆ ಬುಟ್ಟಿಗೆ ಹಾಕಿಸಿಕೊಂಡು ಹೊರಟಳು. ಚುಚ್ಚಿದ್ದು ಒಂದು ಗಂಟೆ ಇರಬಹುದು. ಮುಂದಿನ ಹದಿನೈದು ದಿನ ಅವ್ವನವು.

ಆ ಹದಿನೈದು ದಿನಗಳನ್ನು ನಾನು ವೃತ್ತಿಯುದ್ದಕ್ಕೂ ನೆನೆದಿದ್ದೇನೆ. ಗಾಯವನ್ನು ಹೇಗೆ ನೋಡಿಕೊಳ್ಳಬೇಕು ಎಂದು ನನಗೆ ಮೊದಲು ಕಲಿಸಿದವಳು ಅವ್ವ, ಅದಾದ ಮೇಲೆ ನರ್ಸಿಂಗ್ ಶಾಲೆ. ಬೆಳಿಗ್ಗೆ ಮೊದಲು ತನ್ನ ಕೈಯನ್ನು ಸೋಪಿನಲ್ಲಿ ತೊಳೆದುಕೊಳ್ಳುತ್ತಿದ್ದಳು. ಕಾಯಿಸಿ ಆರಿಸಿದ ನೀರನ್ನು ತಂಬಿಗೆಯಿಂದ ಮೇಲಿನಿಂದ ಸುರಿಯುತ್ತಿದ್ದಳು, ಉಜ್ಜುತ್ತಿರಲಿಲ್ಲ. ಬಿಸಿಲಿಗೆ ಒಣಗಿಸಿದ ಹಳೇ ಪಂಚೆಯ ತುಂಡನ್ನು ಒತ್ತಿ ಒತ್ತಿ ತೇವ ತೆಗೆಯುತ್ತಿದ್ದಳು. ಬೆರಳ ತುದಿಯಷ್ಟು ಎಣ್ಣೆ, ಹೆಚ್ಚಿಲ್ಲ. ಆ ಕೈಯ ಬಳೆಗಳನ್ನು ತೆಗೆಸಿದ್ದಳು.

ಅಂಗಳ ಸಾರಿಸುವುದು ನನ್ನ ಕೆಲಸವಾಗಿತ್ತು. ಅದನ್ನು ಬಿಡಿಸಿದಳು. "ಸಗಣಿ ತಾಕಿದ್ರೆ ಹುಣ್ಣಾಗ್ತೈತೆ." ಧನುರ್ವಾಯುವಿನ ಬೀಜಾಣು ದನದ ಸಗಣಿಯಲ್ಲಿ, ಹಟ್ಟಿಯ ಮಣ್ಣಿನಲ್ಲಿ ಇರುತ್ತದೆ ಎಂದು ಅವಳು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಅದೇ ವಾರ ಹಚ್ಚೆ ಹಾಕಿಸಿಕೊಂಡ ಓಣಿಯ ಇನ್ನೊಬ್ಬ ಹುಡುಗಿಗೆ ಅವರ ಮನೆಯವರು ಬೇಗ ಒಣಗಲಿ ಎಂದು ಸಗಣಿಯ ಬೂದಿ ಹಚ್ಚಿದರು. ಅವಳ ಕೈ ಬಾತು, ಕೀವು ತುಂಬಿ, ತಿಂಗಳೊಪ್ಪತ್ತು ಕಾಡಿತು. ಚೇಳಿನ ಚಿತ್ರ ಇದ್ದ ಜಾಗದಲ್ಲಿ ಬಿಳಿಯ ಗೆರೆಯೊಂದು ಉಳಿಯಿತು.

ಹೊಳೆಗೆ ಇಳಿಯುವಂತಿರಲಿಲ್ಲ. ಬೇಸಿಗೆಯ ರಜೆ, ತುಂಗಭದ್ರೆಯಲ್ಲಿ ಮೊಣಕಾಲುದ್ದ ನೀರು, ಗೆಳತಿಯರೆಲ್ಲ ಅಲ್ಲೇ. ನಾನು ದಂಡೆಯ ಕಲ್ಲಿನ ಮೇಲೆ ಸೆರಗು ಮುಚ್ಚಿಕೊಂಡ ಕೈ ಹಿಡಿದು ಕೂತಿರಬೇಕು. "ಹೊಳೆ ನೀರು ಬಣ್ಣ ತಿಂತೈತೆ" ಎಂದು ಅವ್ವನ ಕಾರಣ. ಕಾರಣ ಬೇರೆ, ಮಾತು ಸರಿ. ಹೊಳೆ, ಕೆರೆ, ಈಜುಕೊಳ ಯಾವುದೇ ಇರಲಿ, ನೂರಾರು ತೂತು ಬಿದ್ದ ಚರ್ಮ ಅಲ್ಲಿನ ಕ್ರಿಮಿಗಳಿಗೆ ಬಾಗಿಲು ತೆರೆದಂತೆ. ಎರಡು ಮೂರು ವಾರ ನೆನೆಯಗೊಡಬಾರದು ಎಂದು ಇವತ್ತಿಗೂ ಹೇಳುತ್ತೇವೆ. ಸೂಳೆಕೆರೆಯಿಂದ ಇಳಿದುಬಂದು ನಮ್ಮೂರ ಬಳಿ ತುಂಗಭದ್ರೆಗೆ ಸೇರುವ ಹಳ್ಳದ ಹೆಸರು ಹರಿದ್ರಾ, ಅಂದರೆ ಅರಿಶಿನ. ಆ ಹೆಸರಿನ ನೀರಾದರೂ ಗಾಯಕ್ಕೆ ಒಳ್ಳೆಯದಿರಬೇಕು ಎಂದು ಅವ್ವನ ಹತ್ತಿರ ವಾದ ಮಾಡಿದ್ದೆ. ನಡೆಯಲಿಲ್ಲ.

ಅರಿಶಿನದ ಬಗ್ಗೆ ನನ್ನ ಮನಸ್ಸು ಬದಲಾಗಿದೆ. ಅರಿಶಿನಕ್ಕೆ ಕ್ರಿಮಿಗಳನ್ನು ತಡೆಯುವ ಗುಣವಿದೆ ನಿಜ. ಆದರೆ ಅಡುಗೆಮನೆಯ ಡಬ್ಬಿಯ ಪುಡಿ ಶುದ್ಧೀಕರಿಸಿದ್ದಲ್ಲ, ಒದ್ದೆ ಚಮಚ ಹಾಕಿದ ಡಬ್ಬಿ ಅದು. ತೆರೆದ ಗಾಯಕ್ಕೆ ಅದನ್ನು ಹಚ್ಚಬೇಡಿ ಎಂದೇ ಹೇಳುತ್ತೇನೆ. ಬದನೆಕಾಯಿ, ಕುಂಬಳಕಾಯಿ ನಂಜು ಎಂದು ಅವ್ವ ಹದಿನೈದು ದಿನ ತಿನ್ನಗೊಡಲಿಲ್ಲ. ಅದರಿಂದ ಲಾಭವೂ ಇರಲಿಲ್ಲ, ಕೇಡೂ ಆಗಲಿಲ್ಲ. ಬದಲಿಗೆ ಬೇಳೆ, ಹಾಲು, ಮೊಟ್ಟೆ ಸಿಕ್ಕಿತು, ಅದು ಒಳ್ಳೆಯದೇ ಆಯಿತು.

ಐದನೇ ದಿನದಿಂದ ತುರಿಕೆ. ಮೇಲಿನ ಚರ್ಮ ಈರುಳ್ಳಿಯ ಸಿಪ್ಪೆಯ ಹಾಗೆ ಎದ್ದು ಬರುತ್ತಿತ್ತು, ಅದರ ಜೊತೆ ಕಪ್ಪು ಹೊಟ್ಟು. ತುಳಸಿಯೇ ಉದುರಿಹೋಯಿತು ಎಂದು ಅತ್ತೆ. ರಾತ್ರಿ ನಿದ್ದೆಯಲ್ಲಿ ಕೆರೆದುಕೊಳ್ಳುತ್ತೇನೆಂದು ಅವ್ವ ನನ್ನ ಬಲಗೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡು ಮಲಗುತ್ತಿದ್ದಳು. ತುರಿಕೆ ತಡೆಯದಾದಾಗ ಉಗುರು ತಾಕಿಸದೆ ಅಂಗೈಯಿಂದ ತಟ್ಟುತ್ತಿದ್ದಳು. ಹಕ್ಕಳೆ ಕಿತ್ತರೆ ಅದರ ಬುಡದ ಮಸಿಯೂ ಬರುತ್ತದೆ, ಹಸಿ ಗಾಯವೂ ತೆರೆಯುತ್ತದೆ. ತಾನಾಗಿ ಬೀಳಲಿ ಎಂದು ಬಿಟ್ಟಿದ್ದಕ್ಕೆ ನನ್ನದು ಐವತ್ತು ವರ್ಷ ದಾಟಿದರೂ ಗೆರೆಗೆರೆಯಾಗಿ ಉಳಿದಿದೆ. ಐದು ಬೊಟ್ಟುಗಳಲ್ಲಿ ಒಂದು ಮಾತ್ರ ಮಸುಕಾಯಿತು. ಮತ್ತೊಮ್ಮೆ ಬಂದಾಗ ತುಂಬಿಸೋಣ ಎಂದು ಅವ್ವ ಅಂದಿದ್ದಳು. ಕೊರವಂಜಿ ನಮ್ಮ ಓಣಿಗೆ ಮತ್ತೆ ಬರಲಿಲ್ಲ.

ನಾನು ಓದಿ ದಾವಣಗೆರೆಯಲ್ಲೇ ಕೆಲಸಕ್ಕೆ ಸೇರಿದ್ದು 1984ರಲ್ಲಿ. ಎರಡು ವರ್ಷಕ್ಕೆ, ಚೆನ್ನೈಯಲ್ಲಿ ದೇಶದ ಮೊದಲ ಎಚ್‌ಐವಿ ಪ್ರಕರಣಗಳು ಪತ್ತೆಯಾದವು. ಅಲ್ಲಿಂದ ಮುಂದೆ ಒಂದು ಸಲ ಬಳಸಿ ಬಿಸಾಡುವ ಸೂಜಿ ನಿಧಾನವಾಗಿ ವಾರ್ಡಿಗೆ ಬಂತು. ಸೂಜಿಯ ವಿಷಯದಲ್ಲಿ ಆಸ್ಪತ್ರೆ ಕಲಿತದ್ದು ಜಾತ್ರೆಯ ಬಯಲಿಗೆ ತಲುಪಲು ಬಹಳ ಕಾಲ ಹಿಡಿಯಿತು.

ಇದನ್ನು ನಾನು ಕಂಡದ್ದು ನನ್ನ ತಮ್ಮನ ತೋಳಿನಲ್ಲಿ. 1998ರಲ್ಲಿ ಅವನು ಗೆಳೆಯರ ಜೊತೆ ಜಾತ್ರೆಯೊಂದಕ್ಕೆ ಹೋಗಿ, ಬ್ಯಾಟರಿ ಯಂತ್ರದಲ್ಲಿ ಹಚ್ಚೆ ಹಾಕುವವನ ಮುಂದೆ ಸಾಲಿನಲ್ಲಿ ನಿಂತು ತೋಳಿಗೆ ಆಂಜನೇಯನನ್ನು ಬರೆಸಿಕೊಂಡು ಬಂದ. ಎಲ್ಲರಿಗೂ ಒಂದೇ ಸೂಜಿ, ಒಂದೇ ಡಬ್ಬಿಯ ಬಣ್ಣ, ಒಂದೇ ಬಟ್ಟೆಯಲ್ಲಿ ಒರೆಸಿದ್ದು. ಮನೆಗೆ ಬಂದು ಅಂಗಿ ಮುಚ್ಚಿಕೊಂಡು ಮಲಗಿದ. ಮರುದಿನ ಧೂಳಿನ ಕೆಲಸ, ಬೆವರು, ಬಿಗಿ ಅಂಗಿ. ಅವ್ವನಿಗೂ ಹೇಳಿಲ್ಲ, ನನಗೂ ಹೇಳಿಲ್ಲ. ನಾಲ್ಕನೇ ದಿನ ನಾನು ಪಾಳಿ ಮುಗಿಸಿ ಬಂದಾಗ ಜ್ವರದಲ್ಲಿ ನಡುಗುತ್ತಿದ್ದ. ಅಂಗಿ ತೆಗೆಸಿ ನೋಡಿದರೆ ತೋಳು ಊದಿ ಹೊಳೆಯುತ್ತಿತ್ತು. ಹಚ್ಚೆಯ ಅಂಚಿನಿಂದ ಕಂಕುಳ ಕಡೆಗೆ ಒಂದು ಕೆಂಪು ಗೆರೆ ಏರಿತ್ತು. ಆ ಗೆರೆಯನ್ನು ನೋಡಿದರೆ ನರ್ಸುಗಳು ಕೂತುಕೊಳ್ಳುವುದಿಲ್ಲ. ಆ ರಾತ್ರಿಯೇ ಕೊಯ್ದು ಕೀವು ತೆಗೆದರು, ಆರು ದಿನ ಇಂಜೆಕ್ಷನ್ ನಡೆಯಿತು. ಅವನ ಆಂಜನೇಯನ ಮುಖ ಇದ್ದ ಕಡೆ ಇವತ್ತಿಗೂ ಗುಳಿ ಇದೆ. ಆಮೇಲೆ ಮೂರು ತಿಂಗಳಾದ ಮೇಲೆ ಒಮ್ಮೆ, ಆರು ತಿಂಗಳಾದ ಮೇಲೆ ಒಮ್ಮೆ ರಕ್ತಪರೀಕ್ಷೆ ಮಾಡಿಸುವಾಗ ಫಲಿತಾಂಶದ ಕಾಗದ ಬಿಚ್ಚುವ ಧೈರ್ಯ ಅವನಿಗಿರಲಿಲ್ಲ, ನಾನೇ ಬಿಚ್ಚುತ್ತಿದ್ದೆ. ಎರಡೂ ಸಲ ಏನೂ ಇರಲಿಲ್ಲ.

ಎಲ್ಲರಿಗೂ ಆ ಪುಣ್ಯವಿರಲಿಲ್ಲ. ಶಿಬಿರದಲ್ಲಿ ರಕ್ತ ಕೊಟ್ಟ ಹುಡುಗನೊಬ್ಬನ ಬಾಟಲಿಯಲ್ಲಿ ಹೆಪಟೈಟಿಸ್ ಬಿ ಸಿಕ್ಕಿತ್ತು. ಕರೆಸಿ ಹೇಳುವ ಹೊಣೆ ನನ್ನ ಮೇಲೆ ಬಿತ್ತು. ಮೊದಲ ವರ್ಷದ ಡಿಗ್ರಿಯಲ್ಲಿದ್ದಾಗ ಹಾಸ್ಟೆಲಿನ ಕೋಣೆಯಲ್ಲಿ ಐದಾರು ಗೆಳೆಯರು ಹೊಲಿಗೆ ಸೂಜಿ, ಪೆನ್ನಿನ ಶಾಯಿ ಇಟ್ಟುಕೊಂಡು ಒಬ್ಬರಿಗೊಬ್ಬರು ಚುಚ್ಚಿಕೊಂಡಿದ್ದರಂತೆ. ಅದರಿಂದಲೇ ಬಂತೆಂದು ಯಾರೂ ಆಣೆ ಮಾಡಿ ಹೇಳಲಾರರು. ಅವನು ನನ್ನ ಮುಂದೆ ಕೂತು ಹೆಬ್ಬೆರಳಿನ ಬುಡದ ಆ ಸಣ್ಣ ಅಕ್ಷರವನ್ನು ಉಜ್ಜುತ್ತಿದ್ದ, ಅಳಿಸಿದರೆ ಹೋಗಬಹುದು ಎಂಬಂತೆ.

ಅವ್ವ ತೀರಿಕೊಂಡದ್ದು 2016ರಲ್ಲಿ. ಸ್ನಾನ ಮಾಡಿಸುವಾಗ ಸೊಸೆಯಂದಿರು ಅವಳ ಮುಂಗೈಯನ್ನು ನೀರಿನಿಂದ ತೊಳೆದು ಒಂದು ಕ್ಷಣ ನಿಂತರು. ಸತ್ತಾಗ ಒಡವೆ ಕಳಚಿಡುತ್ತಾರೆ, ಜೊತೆಗೆ ಬರುವುದು ಹಚ್ಚೆ ಒಂದೇ ಎಂದು ಅವ್ವ ಹೇಳುತ್ತಿದ್ದಳು. ಚರ್ಮ ಸಡಿಲಾಗಿ ಕಟ್ಟೆಯ ಮೆಟ್ಟಿಲುಗಳು ಒಂದಕ್ಕೊಂದು ಸೇರಿಹೋಗಿದ್ದವು. ತಮ್ಮನ ಮಗಳು ಅದಕ್ಕೆ ಕೆಲವು ತಿಂಗಳ ಮುಂಚೆ, ಅಜ್ಜಿ ಬಿಸಿಲಿಗೆ ಕೂತಿದ್ದಾಗ, ಮೊಬೈಲಿನಲ್ಲಿ ಆ ಕೈಯ ಫೋಟೋ ತೆಗೆದಿಟ್ಟುಕೊಂಡಿದ್ದಳು.

2024ರ ಜೂನಿನಲ್ಲಿ ಅವಳು ವಿದ್ಯಾನಗರದ ನನ್ನ ಮನೆಗೆ ಬಂದು ಆ ಫೋಟೋ ಮುಂದಿಟ್ಟಳು. "ಅತ್ತೆ, ಇದನ್ನ ಹಾಕಿಸ್ಕಬೇಕು ಅಂತ ಮಾಡೀನಿ. ಯಂತ್ರದಾಗಲ್ಲ, ಕೈಯಾಗೇ ಚುಚ್ಚಿಸ್ಕಂತೀನಿ. ಅಪ್ಪಂಗೆ ನೀನೇ ಹೇಳ್ಬೇಕು." ಊರಿನಲ್ಲೇ ಒಬ್ಬ ಹುಡುಗಿ ಕೈಸೂಜಿಯ ಕೆಲಸ ಕಲಿತು ಬಂದಿದ್ದಾಳೆ, ಚೆನ್ನಾಗಿ ಮಾಡುತ್ತಾಳೆ ಎಂದಳು. ನಾನು ಬೇಡ ಎನ್ನಲಿಲ್ಲ. ಹೇಗೆ ಎನ್ನಲಿ, ನನ್ನ ಕೈ ಅವಳ ಕಣ್ಣ ಮುಂದೇ ಇತ್ತು. ಆರು ತಿಂಗಳು ಕಾಯಬೇಕು ಎಂದೆ.

ಅವಳು ಹುಟ್ಟಿದ್ದು 2000ದಲ್ಲಿ. ಸರ್ಕಾರದ ಲಸಿಕೆಯ ಪಟ್ಟಿಗೆ ಹೆಪಟೈಟಿಸ್ ಬಿ 2002ರಲ್ಲಿ ಕೆಲವು ಕಡೆ ಪ್ರಯೋಗವಾಗಿ ಬಂದು, ಇಡೀ ದೇಶಕ್ಕೆ ಹಬ್ಬಿದ್ದು 2011ರ ಹೊತ್ತಿಗೆ. ಅವಳಂಥವರು ಎಷ್ಟೋ ಜನ ಈ ಲಸಿಕೆ ಇಲ್ಲದೆಯೇ ಬೆಳೆದಿದ್ದಾರೆ, ಅವರಿಗೆ ಅದು ಗೊತ್ತೂ ಇಲ್ಲ. ಮೊದಲ ಚುಚ್ಚುಮದ್ದು ಜುಲೈಯಲ್ಲಿ, ಎರಡನೆಯದು ಒಂದು ತಿಂಗಳಿಗೆ, ಮೂರನೆಯದು ಆರು ತಿಂಗಳಿಗೆ. ಧನುರ್ವಾಯುವಿನದೂ ಒಂದು ಹಾಕಿಸಿದೆ. ಸಕ್ಕರೆ ಕಾಯಿಲೆ ಇಲ್ಲವೆಂದು ನೋಡಿಸಿದೆ, ಇದ್ದರೆ ಗಾಯ ಮಾಯುವುದು ತಡ. ಗಾಯವಾದ ಕಡೆ ಗಂಟುಗಂಟಾಗಿ ಚರ್ಮ ಬೆಳೆಯುವ ಗುಣ ಅವಳ ಕಡೆ ಯಾರಿಗಾದರೂ ಇದೆಯೇ ಎಂದು ಕೇಳಿದೆ. ಬೇಸಿಗೆಯಲ್ಲಿ ಬೇಡ, ನಮ್ಮೂರ ಏಪ್ರಿಲಿನ ಬೆವರಿಗೆ ಯಾವ ಗಾಯವೂ ಒಣಗಿರುವುದಿಲ್ಲ, ಜನವರಿ ಸರಿ ಎಂದೆ. ತಮ್ಮನಿಗೆ ಹೇಳಿದಾಗ ಅವನು ತನ್ನ ತೋಳಿನ ಗುಳಿಯ ಮೇಲೆ ಕೈಯಾಡಿಸಿಕೊಂಡು, "ನೀನು ಪಕ್ಕದಾಗೆ ಕುಂತಿರ್ತೀಯಲ್ಲಾ ಅಕ್ಕಾ?" ಎಂದಷ್ಟೇ ಕೇಳಿದ.

2025ರ ಜನವರಿ, ಭಾನುವಾರ ಬೆಳಿಗ್ಗೆ. ಬೆಣ್ಣೆದೋಸೆ ತಿನ್ನಿಸಿಯೇ ಕರೆದುಕೊಂಡು ಹೋದೆ. ಆ ಹುಡುಗಿಯ ಕೋಣೆ ಚಿಕ್ಕದು, ಚೊಕ್ಕಟ. ಮೇಜಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದಳು. ಸೂಜಿಯ ಪೊಟ್ಟಣವನ್ನು ನಮ್ಮ ಮುಂದೆ ಬಿಚ್ಚುವ ಮೊದಲು ನಾನು ಕೈಚಾಚಿದೆ. ಅನಿಲದಿಂದ ಶುದ್ಧೀಕರಿಸಿದ ಗುರುತು, ತಯಾರಿಕೆಯ ತಂಡದ ಸಂಖ್ಯೆ, ಬಳಕೆಯ ಕೊನೆಯ ದಿನಾಂಕ ಮೂರೂ ಇದ್ದವು, ಅಂಚು ಎಲ್ಲೂ ಹರಿದಿರಲಿಲ್ಲ. ಶಾಯಿಯನ್ನು ಬೆರಳ ತುದಿಯಷ್ಟು ಬಟ್ಟಲಿಗೆ ಹನಿಸಿದಳು, ಉಳಿದದ್ದನ್ನು ಮತ್ತೆ ಶೀಶೆಗೆ ಸುರಿಯುವುದಿಲ್ಲ ಎಂದಳು. ಶಾಯಿಗೆ ನೀರು ಬೆರೆಸುತ್ತೀಯಾ ಎಂದು ಕೇಳಿದೆ. 2011ರ ಕೊನೆಯಲ್ಲಿ ಅಮೆರಿಕದ ರೋಚೆಸ್ಟರಿನಲ್ಲಿ ಒಂದೇ ಶಾಯಿಯಿಂದ 19 ಜನರ ಹಚ್ಚೆಯಲ್ಲಿ ಕ್ಷಯದ ಕ್ರಿಮಿಯ ದೂರದ ನೆಂಟನೊಂದು ಗುಳ್ಳೆ ಎಬ್ಬಿಸಿದ್ದನ್ನು ಓದಿದ್ದೆ. ಆ ಕ್ರಿಮಿ ಇರುವುದು ಸಾಮಾನ್ಯ ನೀರಿನಲ್ಲೇ. ಅವಳು ಬೆರೆಸುವುದಿಲ್ಲ ಎಂದಳು. ಕೊನೆಗೆ, ಸೂಜಿಯನ್ನು ಎಲ್ಲಿ ಹಾಕುತ್ತೀಯಮ್ಮಾ ಎಂದೆ. ಕಸದ ಬುಟ್ಟಿ ತೋರಿಸಿದಳು. ಅದೊಂದೇ ಅವಳಿಗೆ ಹೊಳೆದಿರಲಿಲ್ಲ. ಬೆಳಿಗ್ಗೆ ಕಸ ವಿಂಗಡಿಸುವ ಪೌರಕಾರ್ಮಿಕರ ಬೆರಳಿಗೆ ಆ ಸೂಜಿ ತಾಕುತ್ತದೆ ಎಂದು ಹೇಳಿದಾಗ ಹುಡುಗಿಯ ಮುಖ ಸಣ್ಣದಾಯಿತು. ಈಗ ಅವಳ ಮೇಜಿನ ಮೇಲೆ ಸೂಜಿ ಚುಚ್ಚಿ ಹೊರಬಾರದ ಬಿಳಿಯ ಗಟ್ಟಿ ಡಬ್ಬಿ ಇದೆ, ತುಂಬಿದಾಗ ಆಸ್ಪತ್ರೆಯ ತ್ಯಾಜ್ಯದ ಜೊತೆ ಹೋಗುತ್ತದೆ.

ಚುಚ್ಚು ಶುರುವಾದಾಗ ಕೋಣೆ ನಿಶ್ಶಬ್ದವಾಗಿತ್ತು. ಯಂತ್ರದ ಗುಂಯ್ ಇಲ್ಲ, ಹಾಡೂ ಇಲ್ಲ. ಚರ್ಮ ಸೂಜಿಯನ್ನು ಬಿಡುವ ಟಪ್ ಟಪ್ ಸದ್ದು ಮಾತ್ರ, ಅದು ಐವತ್ತನಾಲ್ಕು ವರ್ಷದ ಹಿಂದಿನದೇ. ನನ್ನ ಸೊಸೆ, ಅಂದರೆ ತಮ್ಮನ ಮಗಳು, ನೋವು ಮರೆಯಲು ಮಾತಾಡುತ್ತಲೇ ಇದ್ದಳು. 1991ರಲ್ಲಿ ಆಲ್ಪ್ಸ್ ಹಿಮದಲ್ಲಿ ಸಿಕ್ಕಿದ, 5,300 ವರ್ಷ ಹಿಂದಿನ ಮನುಷ್ಯನ ಮೈಮೇಲೆ 61 ಹಚ್ಚೆ ಗುರುತುಗಳಿವೆಯಂತೆ, ಅವೂ ಮಸಿಯವೇ. ಮಸಿ ಹೇಗೆ ಅಷ್ಟು ಕಾಲ ನಿಲ್ಲುತ್ತದೆ ಎಂದು ಕೇಳಿದಳು. ಫ್ರಾನ್ಸಿನ ವಿಜ್ಞಾನಿಗಳು 2018ರಲ್ಲಿ ಇಲಿಗಳಲ್ಲಿ ಕಂಡದ್ದನ್ನು ಹೇಳಿದೆ. ಒಳಚರ್ಮದ ಕಾವಲು ಕೋಶಗಳು ಮಸಿಯನ್ನು ಕ್ರಿಮಿಯೆಂದು ಬಗೆದು ನುಂಗುತ್ತವೆ, ಕರಗಿಸಲಾರದೆ ಹಿಡಿದಿಟ್ಟುಕೊಳ್ಳುತ್ತವೆ. ಆ ಕೋಶ ಸತ್ತಾಗ ಮಸಿ ಹೊರಬೀಳುತ್ತದೆ, ಪಕ್ಕದಲ್ಲಿ ಹುಟ್ಟಿದ ಹೊಸ ಕೋಶ ಅದನ್ನು ಮತ್ತೆ ಎತ್ತಿಕೊಳ್ಳುತ್ತದೆ. ಹೀಗೆ ಒಂದರ ಕೈಯಿಂದ ಇನ್ನೊಂದರ ಕೈಗೆ ದಾಟುತ್ತ ಗೆರೆ ಅಲ್ಲೇ ಇರುತ್ತದೆ. ಅವಳು ಸ್ವಲ್ಪ ಹೊತ್ತು ಸುಮ್ಮನಾದಳು.

ಆ ರಾತ್ರಿಯಿಂದ ಅವಳನ್ನು ನನ್ನ ಮನೆಯಲ್ಲೇ ಇಟ್ಟುಕೊಂಡೆ. ಮೊದಲ ಮೂರು ದಿನ ತೆಳ್ಳಗೆ ನೀರು, ಅದರ ಜೊತೆ ಶಾಯಿ ಜಿನುಗುವುದು, ಸುತ್ತ ಕೆಂಪು, ಸ್ವಲ್ಪ ಬಿಸಿ. ಇದಕ್ಕೆ ಹೆದರಬೇಕಿಲ್ಲ. ಕೆಂಪು ದಿನದಿಂದ ದಿನಕ್ಕೆ ಕುಗ್ಗಬೇಕು. ಹಬ್ಬುತ್ತ ಹೋದರೆ, ನೋವು ಏರಿದರೆ, ಕೀವು ಕಂಡರೆ, ಜ್ವರ ಬಂದರೆ, ಕೆಂಪು ಗೆರೆ ಮೇಲೇರಿದರೆ ಒಂದು ರಾತ್ರಿಯೂ ಕಾಯದೆ ವೈದ್ಯರ ಹತ್ತಿರ ಹೋಗಬೇಕು. ದಿನಕ್ಕೆರಡು ಸಲ ಘಮವಿಲ್ಲದ ಸೋಪು, ಹದವಾದ ನೀರು, ಒತ್ತಿ ಒಣಗಿಸುವುದು, ಎಣ್ಣೆಗೆ ಬದಲು ತೆಳುವಾಗಿ ವ್ಯಾಸಲೀನ್. ಸ್ಪಿರಿಟ್ ಹಚ್ಚಲೇ ಎಂದು ಕೇಳಿದಳು, ಬೇಡ ಎಂದೆ. ಅದು ಸೂಜಿ ತಾಕುವ ಮೊದಲು ಸರಿ, ತಾಕಿದ ಮೇಲೆ ಮಾಯುವ ಚರ್ಮವನ್ನೇ ಸುಡುತ್ತದೆ. ಸ್ಕೂಟರಿನಲ್ಲಿ ಹೋಗುವಾಗ ಬಿಸಿಲು ತಾಕದಂತೆ ಸಡಿಲವಾದ ಹತ್ತಿಯ ತೋಳು. ಅವಳ ಸಾಕುನಾಯಿಗೆ ಎರಡು ವಾರ ಆ ಕೈ ಮುಟ್ಟುವ ಅಪ್ಪಣೆ ಇರಲಿಲ್ಲ. ಕೈಸೂಜಿಯ ಚುಚ್ಚು ಯಂತ್ರದ್ದಕ್ಕಿಂತ ವಿರಳ, ಆದ್ದರಿಂದ ಹಕ್ಕಳೆ ತೆಳುವಾಗಿತ್ತು. ಹದಿನೆಂಟನೇ ದಿನಕ್ಕೆ ಮೇಲ್ಚರ್ಮ ನುಣುಪಾಯಿತು. ಒಳಗಿನದು ಪೂರ್ತಿ ಮಾಯಲು ಎರಡು ತಿಂಗಳು.

ಅವಳ ಐದು ಬೊಟ್ಟುಗಳಲ್ಲೂ ಒಂದು ನಿಲ್ಲಲಿಲ್ಲ. ಚುಚ್ಚು ಮೇಲೆ ನಿಂತಿರಬೇಕು. ಮಾರನೆಯ ದಿನವೇ ತುಂಬಿಸಿಕೊಂಡು ಬರುತ್ತೇನೆ ಎಂದು ಹೊರಟವಳನ್ನು ತಡೆದೆ. ಅರೆಬರೆ ಮಾಯ್ದ ಜಾಗಕ್ಕೆ ಮತ್ತೆ ಸೂಜಿ ಹಾಕಿದರೆ ಕಲೆ ಉಳಿಯುತ್ತದೆ. ಆ ಕಾಯುವ ದಿನಗಳಲ್ಲೇ, ಹಚ್ಚೆಯ ಶಾಯಿಗಳಲ್ಲಿ ಭಾರಲೋಹಗಳು ಸಿಕ್ಕಿವೆ, ಇದಕ್ಕೆ ದೇಶದಲ್ಲಿ ಸರಿಯಾದ ಮಾನದಂಡವಿಲ್ಲ, ಕೇಂದ್ರಕ್ಕೆ ಬರೆಯುತ್ತೇವೆ ಎಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಹೇಳಿದ ಸುದ್ದಿ ಬಂತು. ಅವಳು ಪತ್ರಿಕೆ ಹಿಡಿದುಕೊಂಡೇ ಬಂದಳು. ಯುರೋಪಿನ ದೇಶಗಳು 2022ರ ಜನವರಿಯಿಂದ ಶಾಯಿಯಲ್ಲಿ ಏನೆಷ್ಟು ಇರಬಹುದೆಂದು ಮಿತಿ ಹಾಕಿವೆ, ನಮ್ಮಲ್ಲೂ ಅಂಥದ್ದು ಬರಲೇಬೇಕು ಎಂದು ನಾನು ನಂಬುತ್ತೇನೆ. ಅವಳದು ಕಪ್ಪು, ಬಣ್ಣಗಳಿಗಿಂತ ಅದರ ಚಿಂತೆ ಕಡಿಮೆ ಎಂದು ಸಮಾಧಾನ ಹೇಳಿದೆ. ಆದರೂ ಶಾಯಿಯ ಶೀಶೆಯ ಹೆಸರು, ತಂಡದ ಸಂಖ್ಯೆ ಕೇಳಿ ಬರೆದಿಟ್ಟುಕೋ ಎಂದೆ.

ಮಾರ್ಚ್ ಕೊನೆಯಲ್ಲಿ ಬೊಟ್ಟು ತುಂಬಿಸಿಕೊಳ್ಳಲು ಹೋದಾಗ ನನ್ನನ್ನು ಕರೆಯಲಿಲ್ಲ. ಮಧ್ಯಾಹ್ನ ಅಡುಗೆಮನೆಯಲ್ಲಿದ್ದಾಗ ಮೊಬೈಲ್ ಸದ್ದು ಮಾಡಿತು. ಹಚ್ಚೆಯ ಚಿತ್ರ ಕಳಿಸಿರಬೇಕೆಂದು ಕನ್ನಡಕ ಹಾಕಿಕೊಂಡು ನೋಡಿದೆ. ಅವಳ ಎರಡು ಬೆರಳ ನಡುವೆ ಇನ್ನೂ ಬಿಚ್ಚದ ಸೂಜಿಯ ಪೊಟ್ಟಣ, ಕೊನೆಯ ದಿನಾಂಕ ಓದಲು ಬರುವಂತೆ ಬೆಳಕಿಗೆ ಹಿಡಿದಿದ್ದಳು.